ಶಿರಸಿಯ ಮಳೆಗಾಲದಲ್ಲಿ ಕೇಳಿದ ಹೈಡನ್: ಡೊರಾಟಿ ನಿರ್ದೇಶನದ 33 ಸಿ.ಡಿ.ಗಳ ಪೆಟ್ಟಿಗೆ

ಹದಿನೆಂಟನೆಯ ಶತಮಾನದ ಆಸ್ಟ್ರಿಯಾದ ರಚನಕಾರ ಜೋಸೆಫ್ ಹೈಡನ್ ಬರೆದ ಸಿಂಫನಿಗಳನ್ನು, ಅಂದರೆ ಇಡೀ ವಾದ್ಯವೃಂದಕ್ಕೆಂದು ಹಲವು ಭಾಗಗಳಲ್ಲಿ ರಚಿಸಿದ ಕೃತಿಗಳನ್ನೆಲ್ಲ, ಒಟ್ಟಾಗಿ ಕೊಡುವ ಧ್ವನಿಮುದ್ರಣಗಳು ಹೆಚ್ಚಿಲ್ಲ. ಇರುವ ಕೆಲವೇ ಕೆಲವುಗಳಲ್ಲಿ ಹಂಗೇರಿಯ ಆಂಟಲ್ ಡೊರಾಟಿ ಅವರು ಫಿಲ್‌ಹಾರ್ಮೋನಿಯಾ ಹಂಗಾರಿಕಾ ಎಂಬ ವಾದ್ಯವೃಂದದೊಡನೆ 1969ರಿಂದ 1972ರ ಹೊತ್ತಿಗೆ ಮುದ್ರಿಸಿದ್ದು ಬಹಳ ಹೆಸರು ಮಾಡಿದೆ. ಡೆಕ್ಕಾ ಕಂಪನಿ ಮೊದಲು ಎಲ್‌ಪಿ ತಟ್ಟೆಗಳಲ್ಲಿ ಹೊರತಂದ ಈ ಸಂಗ್ರಹ ಮುಂದೆ 33 ಸಿ.ಡಿ.ಗಳ ಪೆಟ್ಟಿಗೆಯಾಯಿತು. ಅದನ್ನು ನಾನು ಈ ಸಲ ಮಳೆ ಹಿಡಿಯುವ ಹೊತ್ತಿಗೆ ತರಿಸಿಕೊಂಡು, ಶಿರಸಿ ಸೀಮೆಯ ನಮ್ಮ ಹಳ್ಳಿಮನೆಯಲ್ಲಿ, ತೋಟದ ಕೆಲಸವಿಲ್ಲದ ರಾತ್ರಿಗಳಲ್ಲಿ, ಒಂದನೆಯ ಸಿಂಫನಿಯಿಂದ ನೂರ ನಾಲ್ಕನೆಯದರವರೆಗೆ ಸಂಖ್ಯೆಯ ಕ್ರಮದಲ್ಲಿಯೇ ಕೇಳಿ ಮುಗಿಸಿದ್ದೇನೆ. ನಮ್ಮ ಕಡೆ ಹಿಂದೂಸ್ತಾನಿ ಸಂಗೀತ ಕೇಳಿ ಬೆಳೆದವರ ಮನೆಗಳು ಬೇಕಾದಷ್ಟಿವೆ. ಅಂಥ ಕಿವಿಯವರಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಗಿಲು ಯಾವುದೆಂದು ಕೇಳಿದರೆ, ಮೊಟ್ಸಾರ್ಟನಿಗಿಂತಲೂ ಬೀಥೋವನ್ನನಿಗಿಂತಲೂ ಮೊದಲು ಹೈಡನ್ನನ ಹೆಸರನ್ನು ಹೇಳಬೇಕೆಂದು ಈ ಪೆಟ್ಟಿಗೆ ನನಗೆ ಮನಗಾಣಿಸಿತು.

ಪೆಟ್ಟಿಗೆ ಬಂದ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ. ಕಳುಹಿಸಿದ ಅಂಗಡಿಯವರು ಜೂನ್ ತಿಂಗಳಲ್ಲಿ ಮಲೆನಾಡಿಗೆ ಹೋಗುವ ಪೊಟ್ಟಣಕ್ಕೆ ಪ್ಲಾಸ್ಟಿಕ್ ಹೊದಿಕೆಯನ್ನೂ ಹಾಕಿರಲಿಲ್ಲ. ಕೊರಿಯರಿನವರು ಹಳ್ಳಿಗೆ ಬರುವುದಿಲ್ಲವೆಂದು ತಿಳಿಸಿದ್ದರಿಂದ ನಾನೇ ಪೇಟೆಗೆ ಹೋಗಿ ತಂದೆ. ಬಿಚ್ಚಿ ನೋಡಿದರೆ ಪೆಟ್ಟಿಗೆಯ ಒಂದು ಮೂಲೆ ನೆನೆದು ಉಬ್ಬಿತ್ತು. ಪುಣ್ಯಕ್ಕೆ ಸಿ.ಡಿ.ಗಳಿಗೆ ಏನೂ ಆಗಿರಲಿಲ್ಲ. ಮೂವತ್ತಮೂರೂ ಎಲ್ಲಿಯೂ ಸಿಕ್ಕಿಕೊಳ್ಳದೆ ನುಡಿದವು. ತರಿಸುವವರು ಮಳೆಗಾಲಕ್ಕೆ ಮೊದಲೇ ತರಿಸಿಕೊಳ್ಳುವುದು, ಇಲ್ಲವೇ ಹೊದಿಕೆಯ ವಿಷಯವನ್ನು ಮುಂಚಿತವಾಗಿ ಬರೆದು ತಿಳಿಸುವುದು ಒಳ್ಳೆಯದು.

ಹೈಡನ್ ಹುಟ್ಟಿದ್ದು 1732ರ ಮಾರ್ಚ್ 31ರಂದು, ಆಸ್ಟ್ರಿಯಾ ಮತ್ತು ಹಂಗೇರಿಗಳ ಗಡಿಯ ಬಳಿಯ ರೋರಾವ್ ಎಂಬ ಹಳ್ಳಿಯಲ್ಲಿ. ತಂದೆ ಗಾಡಿಯ ಚಕ್ರ ಮಾಡುವ ಬಡಗಿ. ಸ್ವರಲಿಪಿ ಓದಲು ಬಾರದಿದ್ದರೂ ಹಾರ್ಪ್ ನುಡಿಸುತ್ತ ಹಾಡುತ್ತಿದ್ದವನು. ತಾಯಿ ಊರಿನ ಜಮೀನುದಾರರ ಮನೆಯಲ್ಲಿ ಅಡಿಗೆ ಕೆಲಸ ಮಾಡಿದವಳು. ಮಗನ ಕಂಠ ಚೆನ್ನಾಗಿದೆಯೆಂದು ಕಂಡ ನೆಂಟನೊಬ್ಬ ಅವನನ್ನು ಆರು ವರ್ಷದ ಆಸುಪಾಸಿನಲ್ಲೇ ಕಲಿಸಲು ಕರೆದೊಯ್ದ. ಅಲ್ಲಿಂದ ವಿಯೆನ್ನಾದ ಸಂತ ಸ್ಟೀಫನ್ ಚರ್ಚಿನ ಹಾಡುವ ಹುಡುಗರ ತಂಡಕ್ಕೆ ಸೇರಿದ. ಪ್ರಾಯಕ್ಕೆ ಬಂದು ಕಂಠ ಒಡೆದಾಗ ಅಲ್ಲಿಂದ ಹೊರಬೀಳಬೇಕಾಯಿತು. ಆಮೇಲಿನ ವರ್ಷಗಳನ್ನು ಅಟ್ಟದ ಮೇಲಿನ ಕೋಣೆಯಲ್ಲಿ, ಮಕ್ಕಳಿಗೆ ಪಾಠ ಹೇಳುತ್ತ, ಪೊರ್ಪೊರಾ ಎಂಬ ಇಟಲಿಯ ಹಾಡುಗಾರಿಕೆಯ ಗುರುವಿಗೆ ಪಕ್ಕವಾದ್ಯ ನುಡಿಸುತ್ತ, ಅವನ ಸೇವೆಯನ್ನೂ ಮಾಡುತ್ತ ಕಳೆದ. ಗುರುವಿನ ಮನೆಯ ಕೆಲಸ ಮಾಡಿ ವಿದ್ಯೆ ಸಂಪಾದಿಸುವುದು ನಮ್ಮ ಗಾಯಕರ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಅಲ್ಲಿಯೂ ಅದು ಹಾಗೆಯೇ ಇತ್ತು.

1761ರಲ್ಲಿ ಅವನು ಎಸ್ಟರ್ಹಾಜಿ ಎಂಬ ಹಂಗೇರಿಯ ಶ್ರೀಮಂತ ಮನೆತನದ ಆಸ್ಥಾನ ಸೇರಿದ. ಅಂದು ಬರೆದುಕೊಟ್ಟ ಒಪ್ಪಂದದ ಪ್ರಕಾರ ಅವನು ಸಮವಸ್ತ್ರ ತೊಡಬೇಕು, ಬಿಳಿಯ ಕಾಲುಚೀಲ ಹಾಕಬೇಕು, ಪ್ರತಿದಿನ ದೊರೆಯ ಕೋಣೆಯ ಹೊರಗೆ ಹಾಜರಾಗಿ ಅಂದಿಗೆ ಸಂಗೀತ ಬೇಕೋ ಬೇಡವೋ ಎಂದು ಕೇಳಿ ತಿಳಿಯಬೇಕು. ಅವನು ರಚಿಸಿದ್ದೆಲ್ಲ ದೊರೆಗೇ ಸೇರಬೇಕು. ದೊರೆ ನಿಕೊಲಾಸನು ಐಸೆನ್‌ಸ್ಟಾಟ್ ಪಟ್ಟಣದಿಂದ ದೂರದಲ್ಲಿ, ಜೌಗು ನೆಲದಲ್ಲಿ, ಎಸ್ಟರ್ಹಾಜಾ ಎಂಬ ಭಾರಿ ಅರಮನೆ ಕಟ್ಟಿಸಿ ವರ್ಷದ ಹೆಚ್ಚಿನ ಭಾಗ ಅಲ್ಲಿಯೇ ಉಳಿಯತೊಡಗಿದ ಮೇಲೆ ಹೈಡನ್ನನೂ ಅಲ್ಲಿಯೇ ಇರಬೇಕಾಯಿತು. ಮುಪ್ಪಿನಲ್ಲಿ ಅವನು ತನ್ನ ಜೀವನಚರಿತ್ರೆ ಬರೆಯುತ್ತಿದ್ದ ಗ್ರೀಸಿಂಗರನಿಗೆ ಹೇಳಿದ್ದನ್ನು ನಾನು ಈ ಮಳೆಗಾಲದಲ್ಲಿ ಹಲವು ಸಲ ನೆನೆದುಕೊಂಡೆ. ವಾದ್ಯವೃಂದ ಕೈಯಲ್ಲಿತ್ತು, ಯಾವುದು ಹಿಡಿಸುತ್ತದೆ ಯಾವುದು ಹಿಡಿಸುವುದಿಲ್ಲ ಎಂದು ನುಡಿಸಿ ನೋಡಬಹುದಿತ್ತು, ಸೇರಿಸಬಹುದಿತ್ತು, ಕತ್ತರಿಸಬಹುದಿತ್ತು, ಸಾಹಸ ಮಾಡಬಹುದಿತ್ತು. ಲೋಕದಿಂದ ದೂರವಿದ್ದುದರಿಂದ ನನ್ನ ದಾರಿಯಲ್ಲಿ ನನಗೆ ಸಂಶಯ ಹುಟ್ಟಿಸುವವರು ಯಾರೂ ಇರಲಿಲ್ಲ, ಹಾಗಾಗಿ ಸ್ವಂತಿಕೆ ಬಂದೇ ಬರಬೇಕಾಯಿತು ಎಂಬುದು ಅವನ ಮಾತಿನ ತಾತ್ಪರ್ಯ. ಒಂದೊಂದೇ ಸಿಂಫನಿಯನ್ನು ಅಲ್ಲಿ ಇಲ್ಲಿ ಕೇಳಿದವರಿಗೆ ಇದು ಬರೀ ಹೇಳಿಕೆಯಾಗಿ ಕಾಣಬಹುದು. ಸಾಲಾಗಿ ಕೇಳಿದವನಿಗೆ ಮಾತ್ರ ಆ ನುಡಿಸಿ ನೋಡುವ ಕೆಲಸವೇ ಎದುರಿಗೆ ನಡೆಯುತ್ತಿರುವುದು ಕಾಣುತ್ತದೆ, ಮತ್ತು ಇಡೀ ಪೆಟ್ಟಿಗೆಯನ್ನು ಕೊಳ್ಳಲು ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಕೆಲವು ಉದಾಹರಣೆ ಕೊಡುತ್ತೇನೆ. 22ನೆಯ ಸಿಂಫನಿಯಲ್ಲಿ ಓಬೊ ಎಂಬ ಊದುವ ವಾದ್ಯಗಳ ಬದಲಿಗೆ ಅದೇ ಜಾತಿಯ, ಇನ್ನೂ ಕೆಳಗಿನ ಸ್ವರದ, ಇಂಗ್ಲಿಷ್ ಹಾರ್ನ್ ಎಂಬ ಎರಡು ವಾದ್ಯಗಳು ಬರುತ್ತವೆ; ಆ ಗಂಭೀರ ನಿಧಾನ ಭಾಗವೇ ಮೊದಲು, ವೇಗದ್ದು ಆಮೇಲೆ. 31ನೆಯದರಲ್ಲಿ ಕೊಂಬಿನ ಜಾತಿಯ ನಾಲ್ಕು ಹಾರ್ನ್‌ಗಳಿವೆ. 47ನೆಯ ಸಿಂಫನಿಯಲ್ಲಿ ನರ್ತನದ ಲಯದ ಭಾಗವಾದ ಮಿನುಯೆಟ್‌ನಲ್ಲಿ ಮೊದಲ ಅರ್ಧವನ್ನು ಕೊನೆಯ ಸ್ವರದಿಂದ ಹಿಂದುಹಿಂದಕ್ಕೆ ನುಡಿಸಿದರೆ ಅದೇ ಎರಡನೆಯ ಅರ್ಧ. ನಾಟಕವೊಂದಕ್ಕಾಗಿ ಬರೆದದ್ದರಿಂದ ಹುಟ್ಟಿದ 60ನೆಯದರ ಕೊನೆಯ ಭಾಗದಲ್ಲಿ ವೇಗವಾಗಿ ಹೊರಟ ವಯಲಿನ್‌ಗಳು ಥಟ್ಟನೆ ನಿಂತು, ಇಳಿಸಿಕೊಂಡಿದ್ದ ತಮ್ಮ ಮಂದ್ರದ ತಂತಿಯನ್ನು ಬಿಗಿದು ಶ್ರುತಿ ಮಾಡಿಕೊಂಡು ಮುಂದುವರಿಯುತ್ತವೆ. ಆ ಶ್ರುತಿ ಮಾಡುವ ಸದ್ದೂ ರಚನೆಯಲ್ಲಿಯೇ ಬರೆದದ್ದು. ಕಛೇರಿಯ ನಡುವೆ ಶ್ರುತಿ ಕೂಡಿಸಲು ತಬಲಾದ ಗಟ್ಟಾ ಎಂಬ ಮರದ ತುಂಡುಗಳಿಗೆ ಸುತ್ತಿಗೆಯಿಂದ ತಟ್ಟುವುದನ್ನು ಕಂಡ ನಮಗೆ ಈ ಜಾಗದಲ್ಲಿ ಬರುವ ಸಂತೋಷ ಬೇರೆಯೇ.

ಇನ್ನು 45ನೆಯ ಸಿಂಫನಿಯ ವಿಷಯ. ‘ವಿದಾಯ’ ಎಂದು ಹೆಸರಾದ ಇದನ್ನು ಹೈಡನ್ 1772ರಲ್ಲಿ ಬರೆದ. ಆ ವರ್ಷ ದೊರೆ ಎಸ್ಟರ್ಹಾಜಾದಲ್ಲಿ ಎಂದಿಗಿಂತ ಹೆಚ್ಚು ಕಾಲ ತಳವೂರಿದ್ದ. ವಾದಕರಲ್ಲಿ ಹೆಚ್ಚಿನವರಿಗೆ ಹೆಂಡತಿ ಮಕ್ಕಳನ್ನು ಅಲ್ಲಿಗೆ ಕರೆತರಲು ಅನುಮತಿ ಇರಲಿಲ್ಲ, ಸಂಸಾರಗಳೆಲ್ಲ ಐಸೆನ್‌ಸ್ಟಾಟ್‌ನಲ್ಲಿದ್ದವು. ವಾದಕರು ತಮ್ಮ ಮುಖ್ಯಸ್ಥನಲ್ಲಿ ಕಷ್ಟ ಹೇಳಿಕೊಂಡರು. ಅವನು ಅರ್ಜಿ ಬರೆಯಲಿಲ್ಲ, ಸಿಂಫನಿ ಬರೆದ. ಕೊನೆಯ ಭಾಗ ರಭಸದಿಂದ ಓಡಿ, ಮುಗಿಯಬೇಕೆನ್ನುವಲ್ಲಿ ಮುಗಿಯದೆ ನಿಧಾನ ಲಯಕ್ಕೆ ಇಳಿಯುತ್ತದೆ. ಅಲ್ಲಿಂದ ಒಬ್ಬೊಬ್ಬ ವಾದಕನೂ ತನ್ನ ಪಾಲಿನದನ್ನು ನುಡಿಸಿ, ಮೇಜಿನ ಮೇಲಿನ ಮೇಣದಬತ್ತಿ ಆರಿಸಿ ಹೊರಡುತ್ತಾನೆ. ಓಬೊ, ಹಾರ್ನ್, ಬಸೂನ್‌ಗಳು ಹೋಗುತ್ತವೆ. ಮಂದ್ರದ ತಂತಿವಾದ್ಯವಾದ ದೊಡ್ಡ ಬಾಸ್ ಹೋಗುವ ಮೊದಲು ತಾನೊಂದು ಮಾತು ಹೇಳಿ ಹೋಗುತ್ತದೆ. ಕಡೆಗೆ ಉಳಿಯುವುದು ದನಿ ತಗ್ಗಿಸಿದ ಎರಡೇ ವಯಲಿನ್. ದೊರೆ ಅರ್ಥ ಮಾಡಿಕೊಂಡು ಮರುದಿನವೇ ಹೊರಡಲು ಅಪ್ಪಣೆ ಕೊಟ್ಟನೆಂಬುದು ಕಥೆ.

ಈ ಧ್ವನಿಮುದ್ರಣದಲ್ಲಿ ಆ ಭಾಗಕ್ಕೆ ಇನ್ನೊಂದು ಭಾರ ಸೇರಿಕೊಂಡಿದೆ. ಫಿಲ್‌ಹಾರ್ಮೋನಿಯಾ ಹಂಗಾರಿಕಾವನ್ನು ಕಟ್ಟಿದವರು 1956ರ ಕ್ರಾಂತಿಯನ್ನು ಸೋವಿಯತ್ ಸೈನ್ಯ ಅಡಗಿಸಿದಾಗ ಹಂಗೇರಿಯನ್ನು ಬಿಟ್ಟು ಓಡಿಬಂದ ವಾದಕರು. ಆಸ್ಟ್ರಿಯಾದಲ್ಲಿ ಒಟ್ಟುಗೂಡಿ, ಮುಂದೆ ಜರ್ಮನಿಯ ಕಲ್ಲಿದ್ದಲು ಗಣಿಗಳ ಪ್ರದೇಶದ ಮಾರ್ಲ್ ಎಂಬ ಪಟ್ಟಣದಲ್ಲಿ ನೆಲೆಸಿದರು. ಅಲ್ಲಿಯ ಚರ್ಚಿನಲ್ಲಿಯೇ ಈ ಮುದ್ರಣವೆಲ್ಲ ನಡೆದದ್ದು. ಡೊರಾಟಿಯೂ ಬುಡಾಪೆಸ್ಟಿನಲ್ಲಿ ಹುಟ್ಟಿ, ಕೊಡಾಯ್ ಮತ್ತು ಬಾರ್ಟೋಕರ ಬಳಿ ಕಲಿತು, ಬದುಕಿನ ಬಹುಭಾಗವನ್ನು ದೇಶದ ಹೊರಗೆ ಕಳೆದವರು. ಎಸ್ಟರ್ಹಾಜಾ ಅರಮನೆ ಇಂದಿಗೂ ಇರುವುದು ಹಂಗೇರಿಯ ನೆಲದಲ್ಲಿ. ಮನೆಗೆ ಹೋಗಬೇಕೆಂದು ಕೇಳುವ ಸಂಗೀತವನ್ನು, ಮನೆಗೆ ಮರಳಲಾಗದವರು, ಆ ಮನೆಯಿದ್ದ ನಾಡನ್ನು ನೆನೆಯುತ್ತ ನುಡಿಸಿದ್ದಾರೆಂದು ತಿಳಿದ ಮೇಲೆ ಆ ಎರಡು ವಯಲಿನ್‌ಗಳನ್ನು ನಾನು ಮೊದಲಿನಂತೆ ಕೇಳಲಾರೆ. ಆ ರಾತ್ರಿ ಕರೆಂಟ್ ಹೋಗಿ ಇನ್ವರ್ಟರಿನ ಮೇಲೆ ಸಿ.ಡಿ. ನಡೆಯುತ್ತಿತ್ತು, ಜಗುಲಿಯಲ್ಲಿ ದೀಪವಿರಲಿಲ್ಲ, ಹೊರಗೆ ಮಳೆ ಹೊಳವಾಗಿತ್ತು, ಅಂಗಳದ ಅಂಚಿನಲ್ಲಿ ಹಂಚಿನ ಹನಿ ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ವಯಲಿನ್ ನಿಂತ ಮೇಲೂ ಮನೆಯವರು ಯಾರೂ ಎದ್ದು ಹೋಗಲಿಲ್ಲ. ಆ ವಾದ್ಯವೃಂದವೂ 2001ರಲ್ಲಿ ಮುಚ್ಚಿಹೋಯಿತು.

ಹಿಂದೂಸ್ತಾನಿ ಕಿವಿಗೆ ಹೈಡನ್ ಹತ್ತಿರದವನೆಂದು ಆರಂಭದಲ್ಲಿ ಹೇಳಿದೆನಷ್ಟೆ. ಆಗಿನ ಸಿಂಫನಿಯ ಮೊದಲ ಭಾಗ ಒಂದು ಷಡ್ಜದಲ್ಲಿ ನೆಲೆ ನಿಲ್ಲುತ್ತದೆ, ಅಲ್ಲಿಂದ ಹೊರಟು ಸಾಮಾನ್ಯವಾಗಿ ಪಂಚಮವನ್ನೇ ಹೊಸ ಷಡ್ಜ ಮಾಡಿಕೊಳ್ಳುತ್ತದೆ, ಆಮೇಲೆ ಹಲವು ಷಡ್ಜಗಳಲ್ಲಿ ಅಲೆದಾಡಿ ಕಡೆಗೆ ಹಳೆಯದಕ್ಕೆ ಮರಳುತ್ತದೆ. ಷಡ್ಜವನ್ನು ಕದಲಿಸದ ನಮಗೆ ಈ ಅಲೆದಾಟ ಹೊಸದು. ಆದರೆ ಹೊಸ ಷಡ್ಜ ತಲುಪಿದಾಗ ಮೊಟ್ಸಾರ್ಟ್ ಹೆಚ್ಚಾಗಿ ಹೊಸದೊಂದು ಧಾಟಿಯನ್ನೂ ತರುತ್ತಾನೆ. ಹೈಡನ್ ಎಷ್ಟೋ ಕಡೆ ಮೊದಲಿನ ಧಾಟಿಯನ್ನೇ ಅಲ್ಲಿಯೂ ಇಡುತ್ತಾನೆ. ಕೈಯಲ್ಲಿರುವುದು ನಾಲ್ಕಾರು ಸ್ವರಗಳ ಒಂದು ತುಂಡು. ಅದನ್ನು ಒಡೆದು, ಮಗುಚಿ, ಮೇಲೆ ಕೆಳಗೆ ಇಟ್ಟು, ಒಂದು ವಾದ್ಯದಿಂದ ಇನ್ನೊಂದಕ್ಕೆ ದಾಟಿಸಿ, ಅದರಿಂದಲೇ ಹತ್ತು ನಿಮಿಷ ತುಂಬುವ ಕ್ರಮವನ್ನು ನೋಡಿದರೆ ಒಳ್ಳೆಯ ಖಯಾಲ್ ಗಾಯಕ ಒಂದು ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಹಿಡಿದು ಬಢತ್ ಮಾಡುವುದು, ಅಂದರೆ ಮೆಲ್ಲಮೆಲ್ಲಗೆ ಬೆಳೆಸುವುದು, ನೆನಪಾಗುತ್ತದೆ. 104ನೆಯ ಸಿಂಫನಿಯ ಮೊದಲ ಭಾಗದ ನಡುವಣ ಬಿರುಸೆಲ್ಲ ಒಂದೇ ಸ್ವರವನ್ನು ಸಾಲಾಗಿ ತಟ್ಟುವ ಒಂದು ಚೂರಿನಿಂದ ಹುಟ್ಟಿದ್ದು ಎಂಬುದನ್ನು ಮೂರನೆಯ ಸಲ ಕೇಳುವಾಗ ಗುರುತಿಸಿ ನಾನು ಬೆರಗಾದೆ.

ಅದೇ ಸಿಂಫನಿ ತೆರೆಯುವುದು ಎಲ್ಲ ವಾದ್ಯಗಳೂ ಒಟ್ಟಾಗಿ ಷಡ್ಜದಿಂದ ಪಂಚಮಕ್ಕೆ ಏರುವುದರಿಂದ. ಬೇರೆ ಸ್ವರವೇ ಇಲ್ಲ. ತಂಬೂರಿಯ ಎರಡು ತಂತಿಗಳನ್ನು ಇಡೀ ವಾದ್ಯವೃಂದ ಮೀಟಿದಂತೆ ಕೇಳುತ್ತದೆ. ಕೊನೆಯ ಭಾಗದಲ್ಲಿ ಹಾರ್ನ್ ಮತ್ತು ಚೆಲ್ಲೊಗಳು ಷಡ್ಜವನ್ನು ಎಳೆದು ಹಿಡಿದಿರುವಂತೆ, ಮೇಲೆ ವಯಲಿನ್ ಒಂದು ಹಳ್ಳಿಯ ಹಾಡನ್ನು ಎತ್ತಿಕೊಳ್ಳುತ್ತದೆ. ಅದು ಕ್ರೊಯೇಷಿಯಾದ ಜನಪದ ಧಾಟಿಯೆಂದು ಹೇಳುವವರಿದ್ದಾರೆ. ಎಂಬತ್ತು ದಾಟಿದ ನಮ್ಮ ದೊಡ್ಡಪ್ಪ ಆಯುಷ್ಯವಿಡೀ ಹಿಂದೂಸ್ತಾನಿಯನ್ನಲ್ಲದೆ ಬೇರೆ ಕೇಳಿದವರಲ್ಲ. ಅಡಕೆ ಸುಲಿಯುವ ಕತ್ತಿಯನ್ನು ಕೆಳಗಿಟ್ಟು, “ತಮಾ, ಇಂವ ಷಡ್ಜ ಬಿಡ್ತ್ನೇ ಇಲ್ಲೆ ನೋಡು” ಎಂದರು. ಹೈಡನ್ನನ ಬಗ್ಗೆ ನಾನು ಓದಿದ ಯಾವ ವಿವರಣೆಗೂ ಈ ಮಾತು ಕಡಿಮೆಯಲ್ಲ. ದೊರೆ ನಿಕೊಲಾಸ್ ನುಡಿಸುತ್ತಿದ್ದ ಬ್ಯಾರಿಟನ್ ಎಂಬ ಕಮಾನು ವಾದ್ಯಕ್ಕೆ ಸಾರಂಗಿಯ ತರಬಿನಂತೆ ತಾವೇ ಮಿಡಿಯುವ ಲೋಹದ ತಂತಿಗಳಿದ್ದವು, ಅದಕ್ಕಾಗಿ ಹೈಡನ್ ನೂರಕ್ಕೂ ಹೆಚ್ಚು ತ್ರಿವಾದ್ಯ ರಚನೆಗಳನ್ನು ಮಾಡಿದ ಎಂದು ಹೇಳಿದಾಗ ಅದನ್ನೂ ತರಿಸು ಎಂದರು. ಈ ಪೆಟ್ಟಿಗೆಯಲ್ಲಿ ಅವು ಇಲ್ಲ.

94ನೆಯ ಸಿಂಫನಿಯ ನಿಧಾನ ಭಾಗವನ್ನು ಸ್ವರ ಹಾಕಿ ಹೇಳಿದರೆ ಮಕ್ಕಳೂ ಹಾಡಬಲ್ಲರು: ಸ ಸ ಗ ಗ ಪ ಪ ಗ, ಮ ಮ ರಿ ರಿ ನಿ ನಿ ಪ. ಇಲ್ಲಿಯ ಎರಡನೆಯ ಸಾಲಿನ ನಿ ಮತ್ತು ಪ ಮಂದ್ರದವು. ಧಾಟಿ ಮೆಲ್ಲಗೆ ಬರುತ್ತದೆ, ಮರಳಿ ಇನ್ನೂ ಮೆಲ್ಲಗೆ ಬರುತ್ತದೆ, ಅದು ಮುಗಿಯುವಲ್ಲಿ ಇಡೀ ವಾದ್ಯವೃಂದ ನಗಾರಿಯೊಡನೆ ಒಂದೇ ಏಟು ಹಾಕುತ್ತದೆ. ಏಟು ಮತ್ತೆ ಬರುವುದಿಲ್ಲ. ಬರಬಹುದೆಂದು ಕಾಯುತ್ತ ನಾವು ಮುಂದಿನ ಭಾಗವನ್ನೆಲ್ಲ ಕಿವಿಗೊಟ್ಟು ಕೇಳುತ್ತೇವೆ. 88ನೆಯದರಲ್ಲಿ ಇನ್ನೂ ಸೂಕ್ಷ್ಮವಾದದ್ದಿದೆ. ಮೊದಲ ಭಾಗದಲ್ಲಿ ತುತ್ತೂರಿ ನಗಾರಿಗಳು ಸುಮ್ಮನಿರುತ್ತವೆ, ಶಾಂತವಾದ ಎರಡನೆಯ ಭಾಗದ ನಡುವೆ ಎದ್ದುಬಿಡುತ್ತವೆ. ಬಡಗಿನ ಬಯಲಾಟದಲ್ಲಿ ಕರುಣ ರಸಕ್ಕೆ ಭಾಗವತರು ಚಂಡೆಯನ್ನು ತಡೆದು ಮದ್ದಳೆಯಲ್ಲಿ ಹಾಡುವುದನ್ನು ಕಂಡವರಿಗೆ, ತಡೆದಿಟ್ಟ ವಾದ್ಯದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಡೊರಾಟಿಯವರ ನಿರ್ದೇಶನದ ಗುಣದೋಷ. ವೇಗದ ಭಾಗಗಳಲ್ಲಿ ಉತ್ಸಾಹವಿದೆ, ಮುಖ್ಯವಾಗಿ ಒಂದೊಂದು ಸಿಂಫನಿಯನ್ನೂ ಅದು ಪ್ರಸಿದ್ಧವೋ ಅಲ್ಲವೋ ಎಂದು ನೋಡದೆ ಒಂದೇ ಶ್ರದ್ಧೆಯಿಂದ ನುಡಿಸಿದ್ದಾರೆ. ಹೈಡನ್ ವಿದ್ವಾಂಸ ರಾಬಿನ್ಸ್ ಲ್ಯಾಂಡನ್ ಪರಿಷ್ಕರಿಸಿದ ಪಾಠವನ್ನು ಅನುಸರಿಸಿರುವುದರಿಂದ ಹಳೆಯ ಅಚ್ಚುಗಳಲ್ಲಿ ನುಸುಳಿದ್ದ ತಪ್ಪುಗಳು ಕಳೆದಿವೆ. ಮಿನುಯೆಟ್‌ಗಳು ಮಾತ್ರ ಹೆಚ್ಚಿನವು ನಿಧಾನ, ಕೆಲವು ಕಡೆ ಕಾಲು ಎಳೆದಂತಿವೆ. ನರ್ತನಕ್ಕೆಂದು ಹುಟ್ಟಿದ ಲಯ ಅಷ್ಟು ಭಾರವಾಗಬಾರದು. ಹೈಡನ್ನನ ಬಳಿ ಮೊದಲ ವರ್ಷಗಳಲ್ಲಿ ಇದ್ದ ಸಣ್ಣ ತಂಡಕ್ಕೆ ಹೋಲಿಸಿದರೆ ಇಲ್ಲಿಯ ತಂತಿವಾದ್ಯಗಳ ದನಿ ದಪ್ಪ. ವಾದ್ಯಗಳೂ ಇಂದಿನವು, ಹದಿನೆಂಟನೆಯ ಶತಮಾನದ ಮಾದರಿಯವಲ್ಲ. ಹಾರ್ನ್‌ನ ಒರಟು ಹೊಳಪು ಬಯಸುವವರು ಹಳೆಯ ಮಾದರಿಯ ವಾದ್ಯಗಳ ತಂಡಗಳನ್ನು ಹುಡುಕಬೇಕು. ಆಡಮ್ ಫಿಷರ್ ಅವರು ಆಸ್ಟ್ರೊ-ಹಂಗೇರಿಯನ್ ಹೈಡನ್ ವಾದ್ಯವೃಂದದೊಡನೆ ಐಸೆನ್‌ಸ್ಟಾಟ್‌ನ ಅರಮನೆಯ ಸಭಾಂಗಣದಲ್ಲಿಯೇ ಮುದ್ರಿಸಿದ ಪೂರ್ಣ ಸಂಗ್ರಹವೂ ಇದೆ. ಅದರಲ್ಲಿ ಮಿನುಯೆಟ್‌ಗಳು ಹೆಚ್ಚು ಹಗುರ. ಎರಡರಲ್ಲಿ ಒಂದೇ ಸಾಧ್ಯವೆಂದಾದರೆ, ಮೇಲೆ ಹೇಳಿದ 45ನೆಯದಕ್ಕಾಗಿ, ಮತ್ತು ಅದೇ ಕಾಲದ 44, 49ರಂಥ ವಿಷಾದದ ಸಿಂಫನಿಗಳಲ್ಲಿರುವ ತೀವ್ರತೆಗಾಗಿ ನಾನು ಡೊರಾಟಿಯವರನ್ನೇ ಆರಿಸುತ್ತೇನೆ.

ಎಲ್ಲವೂ ಒಂದೇ ಮಟ್ಟದವೆಂದು ಹೇಳಲಾರೆ. 50ರಿಂದ 70ರ ನಡುವಿನ ಸಿಂಫನಿಗಳಲ್ಲಿ ಕೆಲವು ನನಗೆ ಸಪ್ಪೆಯೆನಿಸಿದವು. ಆಗ ಅವನು ಅರಮನೆಯ ರಂಗಮಂದಿರದಲ್ಲಿ ಆಪೆರಾಗಳನ್ನು ಒಂದರ ಮೇಲೊಂದು ನಡೆಸುವ ಹೊರೆಯಲ್ಲಿದ್ದ, ರಂಗಕ್ಕೆ ಬರೆದದ್ದನ್ನು ಸಿಂಫನಿಗೂ ಬಳಸಿಕೊಳ್ಳುತ್ತಿದ್ದ. 1779ರ ಹೊಸ ಒಪ್ಪಂದದಲ್ಲಿ ರಚನೆಗಳೆಲ್ಲ ದೊರೆಗೇ ಎಂಬ ಷರತ್ತು ಹೋದ ಮೇಲೆ ಅವನ ಸಂಗೀತ ಹೊರಲೋಕಕ್ಕೆಂದೇ ಹೊರಟಿತು. ಪ್ಯಾರಿಸ್ಸಿನ ಸಂಗೀತ ಸಂಸ್ಥೆಯೊಂದು ಕೇಳಿದ್ದಕ್ಕೆ 1785–86ರಲ್ಲಿ ಬರೆದ 82ರಿಂದ 87ರವರೆಗಿನ ಆರು ಸಿಂಫನಿಗಳಲ್ಲಿ ಆ ಹುರುಪು ತುಂಬಿದೆ. 1790ರಲ್ಲಿ ನಿಕೊಲಾಸ್ ತೀರಿಕೊಂಡ. ಲಂಡನ್ನಿನಲ್ಲಿ ಕಛೇರಿ ನಡೆಸುತ್ತಿದ್ದ ಸಾಲೊಮನ್ ಎಂಬವನು ವಿಯೆನ್ನಾಕ್ಕೇ ಬಂದು, ಐವತ್ತೆಂಟು ವರ್ಷದ ಹೈಡನ್ನನನ್ನು ಕರೆದುಕೊಂಡು ಹೋದ. 1791ರ ಹೊಸ ವರ್ಷದ ದಿನ ಅವನು ಹಡಗಿನಲ್ಲಿ ಇಂಗ್ಲೆಂಡಿಗೆ ದಾಟಿದ. ಅಲ್ಲಿಗೆಂದು ಎರಡು ಪ್ರವಾಸಗಳಲ್ಲಿ ಬರೆದ ಹನ್ನೆರಡು, ಅಂದರೆ 93ರಿಂದ 104, ಈ ಪೆಟ್ಟಿಗೆಯ ಶಿಖರ. 1795ರಲ್ಲಿ ಕೊನೆಯದನ್ನು ನುಡಿಸಿದ ಮೇಲೆ, 1809ರಲ್ಲಿ ತೀರಿಕೊಳ್ಳುವವರೆಗೆ, ಅವನು ಇನ್ನೊಂದು ಸಿಂಫನಿ ಬರೆಯಲಿಲ್ಲ.

ಕೊಳ್ಳುವವರಿಗೆ ಎರಡು ಸೂಚನೆ. ಸಂಖ್ಯೆಗಳು ರಚನೆಯ ಕಾಲಕ್ರಮವನ್ನು ಎಲ್ಲ ಕಡೆಯೂ ತೋರಿಸುವುದಿಲ್ಲ; ಉದಾಹರಣೆಗೆ 72ನೆಯದು 1760ರ ದಶಕದ್ದು, ಅದನ್ನು 31ರ ಜೊತೆಗೆ ಕೇಳಿದರೆ ನಾಲ್ಕು ಹಾರ್ನ್‌ಗಳ ನಂಟು ಗೊತ್ತಾಗುತ್ತದೆ. ಒಂದರಿಂದ ಆರಂಭಿಸಲು ತಾಳ್ಮೆಯಿಲ್ಲದವರು 1761ರಲ್ಲಿ ಆಸ್ಥಾನ ಸೇರಿದ ಹೊಸದರಲ್ಲಿ ಬರೆದ ‘ಬೆಳಗು’, ‘ಮಧ್ಯಾಹ್ನ’, ‘ಸಂಜೆ’ ಎಂಬ 6, 7, 8ನೆಯವುಗಳಿಂದ ತೊಡಗಬಹುದು. ಹೊಸ ಮುಖ್ಯಸ್ಥ ತನ್ನ ವಾದಕರನ್ನು ಒಲಿಸಿಕೊಳ್ಳಲೆಂಬಂತೆ ಒಬ್ಬೊಬ್ಬರಿಗೂ ಮುಂದೆ ಬಂದು ನುಡಿಸುವ ಅವಕಾಶ ಕೊಟ್ಟಿದ್ದಾನೆ. ಬೆಳಗಿನ ಸಿಂಫನಿ ಸೂರ್ಯ ಮೇಲೇರುವಂತೆ ಮೆಲ್ಲಗೆ ತುಂಬಿಕೊಳ್ಳುತ್ತದೆ, ಆಮೇಲೆ ಕೊಳಲು ಎತ್ತಿಕೊಳ್ಳುತ್ತದೆ. ತಗಡಿನ ಮಾಡಿನ ಮನೆಯವರು ಇದನ್ನು ಜಡಿಮಳೆಯಲ್ಲಿ ಹಾಕಬಾರದು. ಆರಂಭದ ಆ ನಾಲ್ಕಾರು ಸೆಕೆಂಡು ಕೇಳಿಸುವುದೇ ಇಲ್ಲ. ನಾನು ಮಳೆ ಹೊಳವಾದ ಒಂದು ಮುಂಜಾನೆ, ದನ ಕರೆಯುವ ಹೊತ್ತಿಗೆ, ಮತ್ತೊಮ್ಮೆ ಹಾಕಿ ಕೇಳಿದೆ.